ಇಲಿಮನೆಯಿಂದ ಮನೆಗೆ ತಂದ ಮಾತು

ನಾನು ಎಂಟು ವರ್ಷ ಇಲಿಗಳ ಜೊತೆ ಕೆಲಸ ಮಾಡಿದವಳು. ಹೀಗೆಂದರೆ ಜನ ಮೊದಲು ನಗುತ್ತಾರೆ, ಆಮೇಲೆ ಮೂಗು ಹಿಡಿದುಕೊಳ್ಳುತ್ತಾರೆ. ಎರಡೂ ನನಗೆ ರೂಢಿಯಾಗಿವೆ. ತೊಂಬತ್ತರ ದಶಕದ ಆರಂಭದಲ್ಲಿ ಹುಮನಾಬಾದಿನ ಹೊರಗೆ, ಕಾರ್ಖಾನೆಗಳ ಶೆಡ್ಡುಗಳನ್ನು ದಾಟಿ ಹೋದರೆ, ಔಷಧಗಳನ್ನು ಇಲಿಗಳ ಮೇಲೆ ಪರೀಕ್ಷೆ ಮಾಡುವ ಒಂದು ಸಣ್ಣ ಪ್ರಯೋಗಾಲಯವಿತ್ತು. ಈಗ ಅದು ಇಲ್ಲ, ಆ ಜಾಗದಲ್ಲಿ ಟೈರುಗಳ ಗೋದಾಮು ಇದೆ. ನಾನು ಬಸವಕಲ್ಯಾಣದಲ್ಲಿ ಬಿ.ಎಸ್‌ಸಿ. ಮುಗಿಸಿ ರೊಟ್ಟಿ ತಟ್ಟುತ್ತಾ ಕೂತಿದ್ದಾಗ ಅಲ್ಲೊಂದು ಕೆಲಸ ಖಾಲಿ ಇದೆ ಎಂದು ಗೊತ್ತಾಯಿತು. ಇಲಿ ಕಾಯುವುದಕ್ಕೆ ಇಷ್ಟು ಓದಿಸಬೇಕಿತ್ತೇ ಎಂದು ಅಪ್ಪ ಗೊಣಗಿದರು. ನಾನು ಹಟ ಹಿಡಿದೆ. ನನ್ನ ಹಟದ ಮುಂದೆ ಅಪ್ಪನ ಆಟ ಯಾವತ್ತೂ ನಡೆದಿಲ್ಲ.

ಆ ಹಟಕ್ಕೆ ಮನೆಯಲ್ಲಿ ಒಂದು ಕಾರಣ ಹೇಳುತ್ತಿದ್ದರು. ನಾನು ಹುಟ್ಟಿದಾಗ ಅವ್ವನಿಗೆ ಟೈಫಾಯ್ಡ್ ಆಗಿ ಎರಡು ತಿಂಗಳು ಹಾಸಿಗೆ ಬಿಟ್ಟು ಎದ್ದಿರಲಿಲ್ಲವಂತೆ. ಅವಳ ಹಾಲು ನನಗೆ ಒಂದು ತೊಟ್ಟೂ ಸಿಗಲಿಲ್ಲ, ಆಡಿನ ಹಾಲು ಕುಡಿದು ಬೆಳೆದೆ. ಅದಕ್ಕೇ ಎದುರು ಬಂದವರನ್ನೆಲ್ಲ ಹಾಯುತ್ತಾಳೆ ಎಂದು ಅಕ್ಕ ಚುಡಾಯಿಸುತ್ತಿದ್ದಳು. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ನನಗೆ ಒಂಬತ್ತು ತುಂಬುವಷ್ಟರಲ್ಲಿ ಅವ್ವ ಎದೆಯ ಗಂಟಿನಿಂದ ತೀರಿಕೊಂಡಳು. ಕ್ಯಾನ್ಸರ್ ಎಂಬ ಶಬ್ದವನ್ನು ಯಾರೂ ಬಾಯಿಗೆ ತರುತ್ತಿರಲಿಲ್ಲ, ‘ಆ ಬ್ಯಾನಿ’ ಎಂದಷ್ಟೇ ಅನ್ನುತ್ತಿದ್ದರು. ಅಲ್ಲಿಂದ ಮುಂದೆ ನನ್ನ ತಲೆ ಬಾಚಿದವಳು, ಪರೀಕ್ಷೆಯ ದಿನ ಕೈಗೆ ಸಕ್ಕರೆ ಇಟ್ಟು ಕಳಿಸಿದವಳು, ಮೊದಲ ಸಲ ಮುಟ್ಟಾದಾಗ ಹೆದರಿ ಅತ್ತವಳನ್ನು ಸಮಾಧಾನ ಮಾಡಿದವಳು ಅಕ್ಕನೇ. ಹದಿನೈದು ವರ್ಷದ ಹುಡುಗಿ ನನಗೆ ತಾಯಿಯಾದಳು. ಆಗ ಅದು ನನಗೆ ಗೊತ್ತಾಗಲಿಲ್ಲ, ಅಕ್ಕ ಇರುವುದೇ ಅದಕ್ಕೆ ಅಂದುಕೊಂಡಿದ್ದೆ.

ಅಕ್ಕನನ್ನು ನಮ್ಮೂರಲ್ಲೇ ಕೊಟ್ಟಿದ್ದರು. ಗಂಡನ ಮನೆಯವರದು ಕಿರಾಣಿ ಅಂಗಡಿ, ಸ್ವಲ್ಪ ಹೊಲ, ಅತ್ತೆ, ಮೈದುನ, ಮೈದುನನ ಹೆಂಡತಿ ಎಲ್ಲ ಒಂದೇ ಒಲೆ. ನಾನು ಬೆಳಿಗ್ಗೆ ಬಸ್ಸು ಹಿಡಿದು ಸಸ್ತಾಪುರ ಬಂಗ್ಲಾ ದಾಟಿ ಹುಮನಾಬಾದಿಗೆ ಹೋಗುತ್ತಿದ್ದೆ. ಸಂಜೆ ಇಳಿದವಳು ಮೊದಲು ಅಕ್ಕನ ಮನೆಗೆ ನುಗ್ಗಿ, ಅವಳ ಕೈಯ ಚಹಾ ಕುಡಿದು, ದಿನದ ವರದಿ ಒಪ್ಪಿಸಿ, ಆಮೇಲೆ ಅಪ್ಪನ ಮನೆಗೆ. ಮೈಗೆ ಇಲಿ ವಾಸನೆ ಬರುತ್ತದೆ ಎಂದು ಅವಳ ಅತ್ತೆ ನನ್ನನ್ನು ದೇವರ ಕೋಣೆಯ ಕಡೆ ಸುಳಿಯಗೊಡುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂರುತ್ತಿದ್ದೆ. ಕಾಲು ಚಾಚಲು ಅಲ್ಲೇ ಅನುಕೂಲವಿತ್ತು ಅನ್ನಿ.

ಇಲಿಮನೆ ಎಂದರೆ ಎರಡು ಉದ್ದನೆಯ ಕೋಣೆಗಳು. ಗೋಡೆಗುಂಟ ಕಬ್ಬಿಣದ ಚೌಕಟ್ಟು, ಅದರ ಮೇಲೆ ಸಾಲಾಗಿ ಪಂಜರಗಳು. ಒಳಗೆ ಭತ್ತದ ಹೊಟ್ಟು, ತಲೆಕೆಳಗಾದ ನೀರಿನ ಬಾಟಲಿ, ಮತ್ತು ಬಿಳಿ ಸಣ್ಣ ಇಲಿಗಳು, ಕೆಂಪು ಕಣ್ಣಿನವು. ಪ್ರತಿ ಪಂಜರಕ್ಕೂ ಒಂದು ಕಾರ್ಡು. ಅದರ ಮೇಲೆ ಇಲಿಯ ನಂಬರು, ಹುಟ್ಟಿದ ದಿನ, ತಾಯಿಯ ನಂಬರು, ತಂದೆಯ ನಂಬರು. ನನ್ನ ಹಿಂದೆ ಇದ್ದವನು ತಾಯಿಯ ನಂಬರನ್ನು ಎಷ್ಟೋ ಕಡೆ ಬರೆದೇ ಇರಲಿಲ್ಲ. ನಾನು ಬಂದ ಮೇಲೆ ಒಂದೂ ಬಿಡಲಿಲ್ಲ. ಹೊಟ್ಟು ಬದಲಿಸುವಾಗ ಬಾಲ ಹಿಡಿದೆತ್ತಿ, ಅಂಗೈಯಲ್ಲಿ ಕೂರಿಸಿ, ಹೊಟ್ಟೆ ಬೆನ್ನು ಸವರಿ ನೋಡುವುದು ನನ್ನ ಪದ್ಧತಿಯಾಗಿತ್ತು.

ಹಾಗೆ ಸವರುವಾಗಲೇ ಗಂಟುಗಳು ಬೆರಳಿಗೆ ತಾಗತೊಡಗಿದವು. ಮೊದಲು ಒಂದು ಇಲಿಯ ಮುಂಗಾಲ ಸಂದಿಯಲ್ಲಿ ಜೋಳದ ಕಾಳಿನಷ್ಟು. ಹದಿನೈದು ದಿನಕ್ಕೆ ಕಡಲೆಕಾಳಿನಷ್ಟಾಯಿತು, ಆಮೇಲೆ ಆ ಇಲಿ ನಡೆಯುವಾಗ ಒಂದು ಕಡೆಗೆ ವಾಲತೊಡಗಿತು. ಇನ್ನೊಂದಕ್ಕೆ ತೊಡೆಯ ಬುಡದಲ್ಲಿ, ಮತ್ತೊಂದಕ್ಕೆ ಕುತ್ತಿಗೆಯ ಕೆಳಗೆ. ಇಲಿಯ ಹಾಲಿನ ಗ್ರಂಥಿ ಕುತ್ತಿಗೆಯಿಂದ ತೊಡೆಯವರೆಗೂ ಹರಡಿಕೊಂಡಿರುತ್ತದೆ, ಗಂಟು ಎಲ್ಲಿ ಬೇಕಾದರೂ ಏಳಬಹುದು ಎಂದು ಸರ್ ಹೇಳಿದರು. ಸರ್ ಎಂದರೆ ನಮ್ಮ ಮುಖ್ಯಸ್ಥರು, ಪಶುವೈದ್ಯ ಓದಿದವರು, ಮಾತು ಕಡಿಮೆ, ಬೀಡಿ ಜಾಸ್ತಿ. ಗಂಟು ಬಂದವೆಲ್ಲ ನಾಲ್ಕೈದು ಸಲ ಹೆತ್ತ ತಾಯಿ ಇಲಿಗಳು. ಮರಿಗಳು ಆ ಗಂಟಿನ ಪಕ್ಕದಲ್ಲೇ ಬಾಯಿಟ್ಟು ಹಾಲು ಹೀರುತ್ತಿದ್ದವು. ಅವ್ವನನ್ನು ನೆನೆದು ನನಗೆ ಸಂಕಟವಾಗುತ್ತಿತ್ತು, ಆದರೂ ನೋಡುತ್ತಿದ್ದೆ.

ಒಂದು ದಿನ ಗಂಟು ಬಂದ ಇಲಿಗಳ ಕಾರ್ಡುಗಳನ್ನೆಲ್ಲ ತೆಗೆದು ಮೇಜಿನ ಮೇಲೆ ಹರಡಿದೆ. ತಂದೆಗಳು ಬೇರೆ ಬೇರೆ. ತಾಯಿಯ ನಂಬರು ಹಿಡಿದು ಹಿಂದೆ ಹಿಂದೆ ಹೋದರೆ ಎಲ್ಲವೂ ಎರಡೇ ಎರಡು ಅಜ್ಜಿ ಇಲಿಗಳ ಹತ್ತಿರ ಬಂದು ನಿಂತವು. ಸರ್ ಅವರನ್ನು ಕರೆದು ತೋರಿಸಿದೆ. ಅವರು ಬೀಡಿ ಆರಿಸಿ, ಕಾರ್ಡುಗಳನ್ನು ಎರಡು ಸಲ ನೋಡಿ, ಇದು ಹಾಲಿನಿಂದ ಬಂದಿರಬೇಕು ಅಂದರು. ಇಲಿಗಳ ಕೆಲವು ವಂಶಗಳಲ್ಲಿ ಒಂದು ವೈರಸ್ ಇರುತ್ತದೆ. ಅದು ತಾಯಿಯ ಹಾಲಿನಲ್ಲಿ ಇಳಿದು ಮರಿಯ ಮೈ ಸೇರುತ್ತದೆ. ಮರಿ ಚೆನ್ನಾಗಿಯೇ ಬೆಳೆಯುತ್ತದೆ, ಬೆದೆಗೆ ಬರುತ್ತದೆ, ಹೆರುತ್ತದೆ. ಆ ಹೊತ್ತಿಗೆ ಒಳಗಿದ್ದದ್ದು ಗಂಟಾಗಿ ಹೊರಗೆ ಬರುತ್ತದೆ, ಅಷ್ಟರಲ್ಲಿ ತನ್ನ ಮರಿಗಳಿಗೂ ಕುಡಿಸಿ ಮುಗಿಸಿರುತ್ತದೆ.

ಇದಕ್ಕೆ ಪರಿಹಾರವೂ ಇತ್ತು. ತಾಯಿಯ ಹಾಲು ಒಂದು ಹನಿಯೂ ಬಾಯಿಗೆ ಬೀಳುವ ಮೊದಲೇ ಮರಿಗಳನ್ನು ತೆಗೆದು, ವೈರಸ್ ಇಲ್ಲದ ಬೇರೆ ವಂಶದ ತಾಯಿಗೆ ಒಪ್ಪಿಸಬೇಕು. ಸರ್ ಎಲ್ಲಿಂದಲೋ ಕಪ್ಪು ಇಲಿಗಳನ್ನು ತರಿಸಿದರು. ದಿನ ತುಂಬಿದ ಬಿಳಿ ಇಲಿಯನ್ನು ಕೊಂದು, ಹೊಟ್ಟೆ ಸೀಳಿ, ಹುಣಸೆ ಬೀಜದಷ್ಟಿದ್ದ ಮರಿಗಳನ್ನು ಒಂದೊಂದಾಗಿ ಹೊರಗೆ ತೆಗೆಯುತ್ತಿದ್ದರು. ಬೆಚ್ಚನೆ ಹತ್ತಿಯಿಂದ ಒರೆಸಿ ಉಸಿರು ಬರಿಸುವುದು ನನ್ನ ಕೆಲಸ. ನೀಲಿಯಾಗಿದ್ದ ಮರಿ ಅಂಗೈಯಲ್ಲಿ ಕೆಂಪಾಗುತ್ತಾ ಬರುವುದನ್ನು ನೋಡಿದರೆ ಎಂಥ ಕಲ್ಲು ಮನಸ್ಸೂ ಕರಗಬೇಕು. ಆಮೇಲೆ ಕಪ್ಪು ತಾಯಿಯ ಗೂಡಿನಿಂದ ಒಂದು ಹಿಡಿ ಹೊಟ್ಟು ತಂದು ಮರಿಗಳ ಮೈಗೆ ಉಜ್ಜಬೇಕು. ತನ್ನ ವಾಸನೆ ಬಂದರೆ ಮಾತ್ರ ಅದು ಪರರ ಮರಿಯನ್ನು ಹತ್ತಿರ ಸೇರಿಸುತ್ತದೆ, ಇಲ್ಲದಿದ್ದರೆ ಕಚ್ಚಿ ಹಾಕುತ್ತದೆ. ಮೊದಲ ಸಲ ಕಪ್ಪು ಹೊಟ್ಟೆಯ ಕೆಳಗೆ ನಾಲ್ಕು ಬಿಳಿ ಮರಿಗಳು ಸಾಲಾಗಿ ಹಾಲು ಕುಡಿಯುವುದನ್ನು ಕಂಡಾಗ ನಾನು ಸರ್ ಎದುರೇ ಚಪ್ಪಾಳೆ ಹೊಡೆದುಬಿಟ್ಟೆ.

ಅವತ್ತು ಸರ್ ಇನ್ನೊಂದು ಮಾತು ಹೇಳಿದ್ದರು. ನೆನಪಿದೆ, ಕೈ ತೊಳೆಯುತ್ತಾ ಹೇಳಿದರು: “ನೋಡ್ರಿ, ಇದು ಇಲಿ ಮಾತು. ಮನಷ್ಯಾರಾಗ ಹಿಂಗ ಹಾಲಿಂದ ಬರ್ತದಂತ ಯಾರೂ ಕಂಡಿಲ್ಲ. ಊರಾಗ ಹೇಳಕೋತ ಹೋಗಬ್ಯಾಡ್ರಿ.” ನಾನು ಹೌದ್ರಿ ಅಂದೆ.

ಅದೇ ಸಂಜೆ ಅಕ್ಕನ ಅಡುಗೆಮನೆ ಬಾಗಿಲಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಅಕ್ಕನಿಗೆ ಆಗ ಎರಡನೆಯ ಹೆರಿಗೆಯಾಗಿ ಎರಡು ತಿಂಗಳು, ಹೆಣ್ಣುಕೂಸು. ಮೊದಲನೆಯದು ಗಂಡು, ಶಾಲೆಗೆ ಹೋಗುತ್ತಿದ್ದ. ಅವಳು ಕೂಸಿಗೆ ಹಾಲು ಕುಡಿಸುತ್ತಾ ಕೂತಿದ್ದಳು. ನಾನು ಕಾರ್ಡುಗಳ ಕತೆ, ಎರಡು ಅಜ್ಜಿ ಇಲಿಗಳ ಕತೆ, ಹಾಲಿನಲ್ಲಿ ಇಳಿಯುವ ವೈರಸ್, ಹೊಟ್ಟು ಉಜ್ಜುವುದು, ಕಪ್ಪು ತಾಯಿ, ಎಲ್ಲವನ್ನೂ ಕೈ ಬಾಯಿ ತಿರುಗಿಸಿ ಹೇಳಿದೆ. ಸರ್ ಕೊನೆಗೆ ಹೇಳಿದ ಮಾತನ್ನು ಮಾತ್ರ ಹೇಳಲಿಲ್ಲ. ಮರೆತೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಮರೆತಿರಲಿಲ್ಲ. ಆ ಮಾತು ಸೇರಿಸಿದರೆ ನನ್ನ ಕತೆಯ ಗತ್ತು ಇಳಿಯುತ್ತಿತ್ತು. ಅಕ್ಕ ಕಣ್ಣು ಬಿಟ್ಟುಕೊಂಡು ಕೇಳುತ್ತಿದ್ದಳು, ನನ್ನ ಮಾತನ್ನು ಯಾರೂ ಹಾಗೆ ಕೇಳಿದ್ದಿಲ್ಲ.

ಎರಡು ದಿನ ಬಿಟ್ಟು, ಹುಮನಾಬಾದಿನಿಂದ ಬರುವಾಗ ಮಲ್ಲಿಗೆ ತರುತ್ತೀಯಾ ಎಂದು ಅಕ್ಕ ಕೇಳಿದಳು. ಇಲ್ಲಿ ಕೊಂಡರೆ ಅತ್ತೆಯ ಕಣ್ಣಿಗೆ ಬೀಳುತ್ತದೆ, ಬಾಣಂತಿಗೆ ಇದೆಂಥ ಶೋಕಿ ಅನ್ನುತ್ತಾರೆ, ಚೀಲದಲ್ಲಿಟ್ಟು ತಾ ಎಂದಳು. ನಾನು ಚುಡಾಯಿಸಿದೆ. ಭಾವನ ಮೇಲೆ ಪ್ರೀತಿ ಉಕ್ಕಿ ಬಂತೇನು ಅಂದೆ. ಅವಳು ನಕ್ಕಳು. ಮಾಣಿಕನಗರದಿಂದ ಬಂದು ಬಸ್ ಸ್ಟ್ಯಾಂಡಿನ ಎದುರು ಕೂರುತ್ತಿದ್ದ ಒಬ್ಬ ಹೂವಿನವಳ ಹತ್ತಿರ ದಿನಾ ನಾಲ್ಕು ಮೊಳ ಕಟ್ಟಿಸಿಕೊಂಡು, ಒದ್ದೆ ಬಟ್ಟೆಯಲ್ಲಿ ಸುತ್ತಿ ಒಯ್ದೆ. ಅಕ್ಕನ ಜಡೆಯಲ್ಲಿ ಒಂದು ದಿನವೂ ಹೂವು ಕಾಣಲಿಲ್ಲ. ಹತ್ತಿರ ಹೋದರೆ ಮೈಯಿಂದ ಘಮ ಬರುತ್ತಿತ್ತು. ರಾತ್ರಿ ಮುಡಿಯುತ್ತಾಳೇನೋ ಅಂದುಕೊಂಡೆ, ಮದುವೆಯಾಗದ ಹುಡುಗಿಗೆ ಅದಕ್ಕಿಂತ ಮುಂದೆ ಯೋಚಿಸಲು ನಾಚಿಕೆ.

ವಾರ ಕಳೆದ ಮೇಲೆ ಹೂವಿನವಳು ಹಣ ತೆಗೆದುಕೊಳ್ಳದೆ ನನ್ನ ಮುಖವನ್ನೇ ನೋಡಿದಳು. “ಅಕ್ಕೋರ, ಸಿಟ್ಟಾಗಬ್ಯಾಡ್ರಿ. ಮನ್ಯಾಗ ಕೂಸು ಹೋಗ್ಯಾದೇನ್ರಿ?” ಎಂದು ಕೇಳಿದಳು. ನಾನು ಬೆಚ್ಚಿದೆ. ಅವಳೇ ಬಿಡಿಸಿ ಹೇಳಿದಳು: ಕೂಸು ತೀರಿಕೊಂಡರೆ ತಾಯಿಯ ಎದೆಗೆ ಮಲ್ಲಿಗೆ ಕಟ್ಟುತ್ತಾರೆ, ದಿನಾ ಹೊಸ ಹೂವು, ಏಳೆಂಟು ದಿನಕ್ಕೆ ಹಾಲು ಬತ್ತುತ್ತದೆ. ಒಂದೇ ಮನೆಗೆ ದಿನಾ ಇಷ್ಟಿಷ್ಟು ಹೂವು ಹೋದರೆ ತಾನು ಹಾಗೇ ತಿಳಿಯುವುದು ಎಂದಳು.

ಅವತ್ತು ಅಕ್ಕನನ್ನು ನೇರವಾಗಿಯೇ ಕೇಳಿದೆ. ಹಾಲು ಕಮ್ಮಿ ಇತ್ತು, ಕೂಸಿಗೆ ಹೊಟ್ಟೆ ತುಂಬುತ್ತಿರಲಿಲ್ಲ, ಅರ್ಧಂಬರ್ಧ ಕುಡಿಸುವುದಕ್ಕಿಂತ ನಿಲ್ಲಿಸುವುದೇ ಲೇಸು ಎಂದು ತಣ್ಣಗೆ ಹೇಳಿದಳು. ಮೈದುನನ ಹೆಂಡತಿಗೂ ಆಗ ಮೂರು ತಿಂಗಳ ಗಂಡುಕೂಸಿತ್ತು. ನಮ್ಮ ಕಡೆ ಅವಳನ್ನು ನೆಗೆಣ್ಣಿ ಅನ್ನುತ್ತಾರೆ. ಆ ನೆಗೆಣ್ಣಿ ಒಳ್ಳೆಯವಳು, ಮೈಕೈ ತುಂಬಿದವಳು, ಎರಡೂ ಕೂಸುಗಳಿಗೆ ತಾನೇ ಕುಡಿಸತೊಡಗಿದ್ದಳು. ಕೂಡಿದ ಮನೆಯಲ್ಲಿ ಇದೇನು ಹೊಸದಲ್ಲ. ಅಕ್ಕನ ಕೂಸನ್ನು ನೆಗೆಣ್ಣಿಯ ಹಳೇ ಹಸಿರು ಸೀರೆಯಲ್ಲಿ ಸುತ್ತಿದ್ದರು, ಅದನ್ನು ಒಗೆಯದೆ ಹಾಗೇ ಕೊಡು ಎಂದು ಅಕ್ಕನೇ ಕೇಳಿ ಇಸಕೊಂಡಿದ್ದಳಂತೆ. ಇಷ್ಟನ್ನು ಕಂಡೂ, ಕೇಳಿಯೂ ನನ್ನ ತಲೆಗೆ ಹೊಳೆಯಲಿಲ್ಲ. ಇಲಿಗಳ ಕಾರ್ಡು ಜೋಡಿಸಿ ವಂಶ ಹುಡುಕಿದ ಜಾಣೆ ನಾನು! ಅಕ್ಕನ ಮನೆಯಲ್ಲಿ ಕಣ್ಣಿಗೆ ಹೊಡೆಯುವಂತಿದ್ದದ್ದನ್ನು ನೋಡಲಿಲ್ಲ. ನನಗೆ ನನ್ನ ಕಪ್ಪು ತಾಯಂದಿರ ಚಿಂತೆಯೇ ದೊಡ್ಡದಾಗಿತ್ತು.

ಆ ಚಳಿಗಾಲ ಕಳೆಯಿತು, ಬೇಸಿಗೆ ಬಂತು. ಇಲಿಮನೆಯ ಹೊಸ ಪೀಳಿಗೆ ಚೆನ್ನಾಗಿ ಬೆಳೆದಿತ್ತು. ಕಪ್ಪು ತಾಯಿಯ ಹಾಲು ಕುಡಿದ ಬಿಳಿ ಇಲಿಗಳು ಎರಡು ಮೂರು ಸಲ ಹೆತ್ತರೂ ಮೈ ನುಣ್ಣಗಿತ್ತು. ದಿನಾ ಸವರಿ ನೋಡಿ, ಗಂಟಿಲ್ಲ ಎಂದು ಕಾರ್ಡಿನ ಮೇಲೆ ಬರೆಯುವಾಗ ನನಗೆ ಹಬ್ಬದಂತೆ ಅನ್ನಿಸುತ್ತಿತ್ತು.

ಒಂದು ಭಾನುವಾರ ಅಕ್ಕನ ಮನೆಯಲ್ಲಿ ಹಪ್ಪಳ ಹಾಕುವ ಕೆಲಸವಿತ್ತು. ಮೇಲಿನ ಹಲಗೆಯಿಂದ ಹಿಟ್ಟು ಕಲಸುವ ಪರಾತ ತೆಗೆಯಲು ಹೋದ ಅಕ್ಕ ಕೈ ಎತ್ತಲಾರದೆ ಹಾಗೇ ನಿಂತಳು. ಮುಖ ಬಿಳಿಚಿಕೊಂಡಿತ್ತು. ನಾನು ಅವಳನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿ, ಕುಪ್ಪಸ ಬಿಚ್ಚು ಅಂದೆ. ಬೇಡ ಅಂದಳು. ನಾನೇ ಬಿಚ್ಚಿದೆ. ಎಡ ಎದೆಯಲ್ಲಿ ನಿಂಬೆಹಣ್ಣಿನಷ್ಟು ಗಂಟು, ಮೇಲಿನ ಚರ್ಮ ಒಳಕ್ಕೆ ಸೆಳೆದುಕೊಂಡಿತ್ತು. ಕಂಕುಳಲ್ಲಿ ಇನ್ನೊಂದು. ನನ್ನ ಬೆರಳಿಗೆ ಅದರ ಪರಿಚಯವಿತ್ತು.

ಯಾವಾಗಿನಿಂದ ಎಂದು ಕೇಳಿದೆ. ಕೂಸು ಹೊಟ್ಟೆಯಲ್ಲಿದ್ದಾಗಲೇ ಬಟಾಣಿಯಷ್ಟು ಇತ್ತು, ಹಾಲಿನ ಗಂಟು ಅಂದುಕೊಂಡಿದ್ದೆ ಎಂದಳು. ಆಮೇಲೆ ಅವಳು ಹೇಳಿದ್ದನ್ನು ನಾನು ಅಕ್ಷರ ಬಿಡದೆ ನೆನಪಿಟ್ಟಿದ್ದೇನೆ. “ನೀ ಇಲಿದು ಹೇಳಿದ ದಿನಾನೇ ನಂಗ ತಿಳೀತು. ಅವ್ವಗ ಇತ್ತು. ನಾ ಅವ್ವನ ಹಾಲು ಕುಡದೀನಿ, ನಂಗ ಬಂತು. ನೀ ಕುಡದಿಲ್ಲ, ನಿಂಗ ಇಲ್ಲ. ಲೆಕ್ಕ ಸರೀನೇ ಅದಲ್ಲ? ಗಂಡುಹುಡುಗಗ ಹ್ಯಾಂಗೂ ಕುಡಿಸಿ ಆಗಿತ್ತು. ಇದಕ್ಕಾದ್ರೂ ಬ್ಯಾಡಂತ ಬತ್ತಿಸಿಬಿಟ್ಟೆ.” ಹಾಲು ಬತ್ತಿದರೆ ಹಾಲಿನಲ್ಲಿದ್ದ ಬೇನೆಯೂ ಬತ್ತುತ್ತದೆ, ಗಂಟೂ ಕರಗುತ್ತದೆ ಎಂದು ಅವಳು ನಂಬಿಕೊಂಡಿದ್ದಳು. ಹಾಲು ಇಳಿದ ಮೇಲೆ ಕೆಲವು ದಿನ ಎದೆ ಮೆತ್ತಗಾಗಿ ಗಂಟು ಸಣ್ಣದಾದಂತೆ ಕಂಡಿತ್ತಂತೆ. ಹಾಗಾಗಿ ಯಾರಿಗೂ ಹೇಳದೆ, ದವಾಖಾನೆಗೆ ಹೋಗದೆ, ಹತ್ತಿರ ಹತ್ತಿರ ಎಂಟು ತಿಂಗಳು ಕಾದಿದ್ದಳು.

ನಾನು ಆಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅಲ್ಲೇ ಕೂತೆ. ಅಕ್ಕ ನನ್ನ ತಲೆ ಸವರಿದಳು. ಅವಳಿಗೆ ನನ್ನ ಮೇಲೆ ಒಂದಿಷ್ಟೂ ಸಿಟ್ಟಿರಲಿಲ್ಲ, ಉಪಕಾರ ಮಾಡಿದೆ ಎಂಬ ಭಾವವಿತ್ತು. ಅದನ್ನು ನೋಡುವುದು ನನಗೆ ಗಂಟು ನೋಡಿದ್ದಕ್ಕಿಂತ ಕಷ್ಟವಾಯಿತು.

ಮರುದಿನವೇ ಭಾವ ಅಂಗಡಿ ಮುಚ್ಚಿ ಸೋಲಾಪುರಕ್ಕೆ ಕರೆದುಕೊಂಡು ಹೋದರು, ನಾನೂ ಹೋದೆ. ಒಂದು ದೊಡ್ಡ ಆಸ್ಪತ್ರೆ. ಎಷ್ಟು ದಿನದಿಂದ ಇದೆ ಎಂದು ಡಾಕ್ಟರು ಕೇಳಿದಾಗ ಅಕ್ಕ ನನ್ನ ಕಡೆ ನೋಡಿದಳು, ನಾನು ಗೋಡೆಯ ಕಡೆ ನೋಡಿದೆ. ಬಟಾಣಿಯಷ್ಟಿದ್ದಾಗ ಬಂದಿದ್ದರೆ ಮಾತೇ ಬೇರೆ ಇರುತ್ತಿತ್ತು ಎಂದು ಅವರು ಭಾವನನ್ನು ಹೊರಗೆ ಕರೆದು ಹೇಳಿದರು. ಎಡ ಎದೆ ತೆಗೆದರು. ಆಮೇಲೆ ಸಲೈನಿನಲ್ಲಿ ಹಾಕುವ ಔಷಧ ಶುರುವಾಯಿತು, ತಲೆಗೂದಲು ಹೋಯಿತು. ಪ್ರತಿ ಸಲ ನಾನೇ ಜೊತೆಗೆ ಹೋಗಿ ವಾರ್ಡಿನಲ್ಲಿ ಇರುತ್ತಿದ್ದೆ. ರಜೆ ಕೇಳಿದರೆ ಸರ್ ಕಾರಣ ಕೇಳದೆ ಸಹಿ ಹಾಕುತ್ತಿದ್ದರು. ಏನಾಯಿತೆಂದು ಅವರಿಗೂ ನಾನು ಹೇಳಿರಲಿಲ್ಲ.

ವಾರ್ಡಿನಲ್ಲಿ ಅಕ್ಕ ನೆಮ್ಮದಿಯಿಂದಲೇ ಇದ್ದಳು. ನಂಬುವುದು ಕಷ್ಟ, ಆದರೆ ನಿಜ. ತನಗೆ ಏನಾದರೂ ಆಗಲಿ, ಮಗಳನ್ನು ಉಳಿಸಿದ್ದೇನೆ ಎಂಬ ಹೆಮ್ಮೆ ಅವಳ ಮುಖದಲ್ಲಿತ್ತು. ಅಕ್ಕಪಕ್ಕದ ಹಾಸಿಗೆಯವರಿಗೆ, ನನ್ನ ತಂಗಿ ವಿಜ್ಞಾನ ಓದಿದವಳು, ಅವಳಿಂದ ನನಗೆ ತಿಳಿಯಿತು ಎಂದು ಹೇಳಿಕೊಳ್ಳುತ್ತಿದ್ದಳು. ನಾನು ಎದ್ದು ನೀರು ತರುವ ನೆವದಲ್ಲಿ ಹೊರಗೆ ಹೋಗುತ್ತಿದ್ದೆ.

ಪಕ್ಕದ ಹಾಸಿಗೆಯಲ್ಲಿ ಉಮರ್ಗಾ ಕಡೆಯ ಒಬ್ಬ ಮುದುಕಿ ಇದ್ದಳು, ಅವಳಿಗೂ ಇದೇ ಬೇನೆ. ಒಂದು ಮಧ್ಯಾಹ್ನ ಅವಳ ಮಗಳು ನೋಡಲು ಬಂದಳು, ಮಡಿಲಲ್ಲಿ ನಾಲ್ಕೈದು ತಿಂಗಳ ಕೂಸು. ತಾಯಿಯ ಕಾಲ ಬಳಿ ಕೂತು ಸೆರಗು ಹೊದ್ದು ಕೂಸಿಗೆ ಹಾಲು ಕೊಡುತ್ತಿದ್ದಳು. ಅಕ್ಕ ದಿಂಬಿಗೆ ಒರಗಿ ಎದ್ದು ಕೂತು, ಮರಾಠಿ ಕನ್ನಡ ಕೂಡಿಸಿ ಅವಳಿಗೆ ಬುದ್ಧಿ ಹೇಳತೊಡಗಿದಳು. ನಿನ್ನ ಅವ್ವನಿಗೆ ಇದೆ, ನೀನು ಅವಳ ಹಾಲು ಕುಡಿದವಳು, ಕೂಸಿಗೆ ಕೊಡಬೇಡ, ಮಲ್ಲಿಗೆ ಕಟ್ಟು. ಆ ಹುಡುಗಿ ಹೆದರಿದಳು. ಸರಕ್ಕನೆ ಕೂಸನ್ನು ಎದೆಯಿಂದ ಕಿತ್ತು ಸೆರಗು ಮುಚ್ಚಿಕೊಂಡಳು. ಕೂಸು ಕಿರುಚಿ ಅಳತೊಡಗಿತು.

ಆಗ ನನ್ನ ತಾಳ್ಮೆ ತಪ್ಪಿತು. ಮೆಲ್ಲಗೆ ಹೇಳಬಹುದಿತ್ತು, ಆ ಹುಡುಗಿಯನ್ನು ಹೊರಗೆ ಕರೆದು ಹೇಳಬಹುದಿತ್ತು. ನಾನು ವಾರ್ಡಿಗೆಲ್ಲ ಕೇಳುವಂತೆ ಗದರಿದೆ. ಅದು ಇಲಿಗಳ ಮಾತು, ಮನುಷ್ಯರ ಹಾಲಿನಲ್ಲಿ ಆ ಬೇನೆ ಇಳಿಯುವುದಿಲ್ಲ, ನಮ್ಮ ಸರ್ ಅವತ್ತೇ ಹೇಳಿದ್ದರು, ಸುಮ್ಮನೆ ಕೂಸಿಗೆ ಹಾಲು ಕೊಡು ಎಂದೆ. ಹುಡುಗಿ ನನ್ನ ಮುಖ, ಅಕ್ಕನ ಮುಖ ನೋಡಿ, ಮೂಲೆಗೆ ತಿರುಗಿ ಕೂತು ಕೂಸನ್ನು ಮತ್ತೆ ಎದೆಗೆ ಹಾಕಿಕೊಂಡಳು. ಕೂಸಿನ ಅಳು ನಿಂತಿತು. ಅಕ್ಕ ದಿಂಬಿನ ಮೇಲೆ ಒರಗಿದಳು. ಸಂಜೆಯಾಯಿತು. ಎಲ್ಲರೂ ಹೋದ ಮೇಲೆ ಒಂದೇ ಒಂದು ಪ್ರಶ್ನೆ ಕೇಳಿದಳು.

“ಹಂಗಾರ ನಾ ಕುಡಸಬಹುದಿತ್ತಾ?”

ಹೌದು ಎಂದೆ. ಅವತ್ತೇ ಗೊತ್ತಿತ್ತಾ ಎಂದು ಅವಳು ಕೇಳಲಿಲ್ಲ. ಸರ್ ಅವತ್ತೇ ಹೇಳಿದ್ದರು ಎಂದು ನಾನೇ ಬಾಯಿ ಬಿಟ್ಟಾಗಿತ್ತಲ್ಲ.

ಅದಾದ ಮೇಲೆ ಅಕ್ಕ ಬದುಕಿದ್ದು ಒಂದೂವರೆ ವರ್ಷ. ಇಲಿಮನೆ ಅವಳಿಗಿಂತ ನಾಲ್ಕು ವರ್ಷ ಹೆಚ್ಚು ಬದುಕಿತು. ಪ್ರಾಣಿಗಳ ಬಗ್ಗೆ ಹೊಸ ನಿಯಮಗಳು ಬಂದಾಗ, ಅವುಗಳನ್ನೆಲ್ಲ ಪಾಲಿಸಲು ನಮ್ಮಂಥ ಸಣ್ಣ ಜಾಗಕ್ಕೆ ಆಗಲಿಲ್ಲ, ಮುಚ್ಚಿದರು. ಇಲಿಗಳನ್ನೆಲ್ಲ ಒಂದು ವಾರದಲ್ಲಿ ಮುಗಿಸಿದೆವು. ಕಪ್ಪು ತಾಯಂದಿರ ಹಾಲು ಕುಡಿದವರ ಮೊಮ್ಮಕ್ಕಳು, ಮರಿಮಕ್ಕಳು, ಒಂದರ ಮೈಯಲ್ಲೂ ಗಂಟಿರಲಿಲ್ಲ. ಆಮೇಲೆ ನಾನು ಚಿಟಗುಪ್ಪದ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸಲು ಸೇರಿದೆ. ಮಕ್ಕಳಿಗೆ ಏನೇ ಹೇಳಿದರೂ, ಇದು ಎಲ್ಲಿಯವರೆಗೆ ನಿಜ, ಎಲ್ಲಿಂದ ಮುಂದೆ ಅಲ್ಲ ಎಂದು ಎರಡೆರಡು ಸಲ ಹೇಳುತ್ತಿದ್ದೆ. ಟೀಚರ್ ಹೇಳಿದ್ದನ್ನೇ ಹೇಳುತ್ತಾರೆ ಎಂದು ಹುಡುಗರು ಆಕಳಿಸುತ್ತಿದ್ದರು. ಆಕಳಿಸಲಿ.

ಅಕ್ಕನ ಮಗಳು ನೆಗೆಣ್ಣಿಯ ಮಗಳಾಗಿಯೇ ಬೆಳೆದಳು. ಎರಡು ಸಾವಿರದ ಇಸವಿಯ ನಂತರ ಅವಳು ಹೈಸ್ಕೂಲಿಗೆ ಬಂದಾಗ, ಹೆತ್ತವ್ವ ಹಾಲು ಬತ್ತಿಸಿಕೊಂಡು ನನ್ನನ್ನು ಉಳಿಸಿದಳಂತೆ, ಹೌದೇ ಚಿಕ್ಕವ್ವಾ ಎಂದು ಕೇಳಿದ್ದಳು. ಯಾರೋ ಮನೆಯವರು ಹೇಳಿದ್ದರು. ಅವಳಿಗೆ ನಾನು ಎಲ್ಲವನ್ನೂ ಹೇಳಿದೆ, ನನ್ನ ತಪ್ಪನ್ನೂ ಸೇರಿಸಿ. ಅಜ್ಜಿಗೂ ಅವ್ವನಿಗೂ ಬಂದದ್ದರಿಂದ ನೀನು ಹುಷಾರಾಗಿರಬೇಕು, ಗಂಟು ಕಂಡ ದಿನವೇ ದವಾಖಾನೆಗೆ ಹೋಗಬೇಕು, ನಾನೂ ಹೋಗಬೇಕು ಎಂದೆ. ಅವಳು, ನಿನ್ನ ಮೇಲೆ ಸಿಟ್ಟು ಬರುತ್ತಿದೆ ಎಂದಳು. ಬರಲಿ ಎಂದೆ. ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟಳು, ಆಮೇಲೆ ತಾನೇ ಬಂದಳು.

ಆದರೆ ಅವಳಿಗೂ ಒಂದನ್ನು ಹೇಳಿಲ್ಲ. ಯಾರಿಗೂ ಹೇಳಿಲ್ಲ. ನಾನು ವಾರ್ಡಿನಲ್ಲಿ ಗದರಿದ ಆ ಸಲ, ಸೋಲಾಪುರದಿಂದ ಅಕ್ಕನನ್ನು ಮನೆಗೆ ಕರೆತಂದ ಮೂರನೆಯ ದಿನದ ಮಾತು ಅದು.

ಮಧ್ಯಾಹ್ನ, ಅತ್ತೆ ಮಲಗಿದ್ದರು, ಗಂಡಸರು ಅಂಗಡಿಯಲ್ಲಿದ್ದರು. ಕೂಸನ್ನು ತೆಗೆದುಕೊಂಡು ಬಾ ಎಂದು ಅಕ್ಕ ನನ್ನನ್ನು ಕಳಿಸಿದಳು. ಆಗ ಅದಕ್ಕೆ ವರ್ಷ ದಾಟಿ ಒಂದೆರಡು ತಿಂಗಳು, ಗೋಡೆ ಹಿಡಿದು ನಡೆಯುತ್ತಿತ್ತು. ಹಿತ್ತಲಲ್ಲಿ ನೆಗೆಣ್ಣಿಯ ಪಕ್ಕದಲ್ಲಿ ಆಡುತ್ತಿದ್ದ ಕೂಸನ್ನು ಎತ್ತಿಕೊಂಡು ಬಂದೆ. ಅಕ್ಕ ಬಾಗಿಲು ಹಾಕಲು ಹೇಳಿದಳು. ಕುಪ್ಪಸದ ಗುಂಡಿ ಬಿಚ್ಚಿದಳು. ಎಡಕ್ಕೆ ಹೊಲಿಗೆಯ ಗುರುತಷ್ಟೇ ಇತ್ತು, ಬಲ ಎದೆ ಬತ್ತಿ ಜೋತುಬಿದ್ದಿತ್ತು. ಅದರಲ್ಲಿ ಹಾಲಿಲ್ಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅದರ ಬಾಯಿಯನ್ನು ಎದೆಗೆ ತಂದಳು. ಕೂಸು ಮುಖ ತಿರುಗಿಸಿತು. ಇನ್ನೊಮ್ಮೆ ತಂದಳು. ಅದು ಎರಡೂ ಕೈಯಿಂದ ಅವಳ ಎದೆಯನ್ನು ದೂಡಿ, ಬೆನ್ನು ಬಿಲ್ಲು ಮಾಡಿ, ಬಾಗಿಲ ಕಡೆ ನೋಡಿ ‘ಅವ್ವಾ’ ಎಂದು ಅಳತೊಡಗಿತು. ಕೂದಲಿಲ್ಲದ ತಲೆಯ ಈ ಹೆಂಗಸು ಯಾರೆಂದು ಅದಕ್ಕೆ ತಿಳಿಯದೆ ಹೆದರಿತ್ತು.

ಅಕ್ಕ ಮೂರನೆಯ ಸಲ ಪ್ರಯತ್ನ ಮಾಡಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ, ಅವಳು ಅಳಲಿಲ್ಲ. ಗುಂಡಿ ಹಾಕಿಕೊಳ್ಳುತ್ತಾ, ನನ್ನ ಕಡೆ ನೋಡದೆ ಹೇಳಿದಳು: “ಹೇಳೂದಿತ್ತಂದ್ರ ಅವತ್ತೇ ಹೇಳಬೇಕಿತ್ತು ತಂಗಿ. ಹೇಳಲಿಲ್ಲ ಅಂದ ಮ್ಯಾಲ, ನಾ ಸಾಯೂತನಾ ಸುಮ್ನಿರಬೇಕಿತ್ತು.”

ಕೂಸು ಇನ್ನೂ ಬಾಗಿಲ ಕಡೆ ಕೈ ಚಾಚಿ ಅಳುತ್ತಿತ್ತು. ಅಕ್ಕ ಅದನ್ನು ಎತ್ತಿ ನನ್ನ ಕೈಗೆ ಕೊಟ್ಟಳು.

“ಹಸದಾದ. ಅದರ ಅವ್ವಗ ಕೊಟ್ಟು ಬಾ,” ಎಂದಳು.

ಕೊಟ್ಟು ಬಂದೆ.